ಶಾಲೆ ಉಳಿಸೋಕೆ 15 ಲಕ್ಷ ಕೊಡಬೇಕಾ? ಮೊದಲು ಸದಸ್ಯರ ಪಟ್ಟಿ ಕೇಳಿ

ಪ್ರಶ್ನೆ: ನಮ್ಮದು ತಾಲ್ಲೂಕು ಕೇಂದ್ರ. ಊರಿನ ಹಿರಿಯರು ಒಂದು ಸಂಘ ಮಾಡಿಕೊಂಡು 1996ರಲ್ಲಿ ಕನ್ನಡ ಮಾಧ್ಯಮ ಶಾಲೆ ಶುರು ಮಾಡಿದರು. ನಾನು ಅಲ್ಲೇ ಓದಿದವನು. ಈಗ ನನ್ನ ಮಗಳು ಅಲ್ಲೇ ಏಳನೇ ಕ್ಲಾಸಿನಲ್ಲಿದ್ದಾಳೆ. ಒಂದು ಕಾಲಕ್ಕೆ 400 ಮಕ್ಕಳಿದ್ದರು. ಈಗ ಎಲ್‌ಕೆಜಿಯಿಂದ ಹತ್ತನೇ ಕ್ಲಾಸಿನವರೆಗೆ ಎಲ್ಲ ಸೇರಿ 146. ಶಿಕ್ಷಕರಿಗೆ ನಾಲ್ಕು ತಿಂಗಳಿಂದ ಸಂಬಳ ಆಗಿಲ್ಲ. ಜನವರಿಯಲ್ಲಿ ‘ಮುಂದಿನ ವರ್ಷದಿಂದ ಶಾಲೆ ಇರುವುದಿಲ್ಲ’ ಅಂತ ನೋಟಿಸ್ ಹಾಕಿದರು. ಪೋಷಕರೆಲ್ಲ ಹೋಗಿ ಗಲಾಟೆ ಮಾಡಿದ ಮೇಲೆ ‘15 ಲಕ್ಷ ಹೊಂದಿಸಿ ಕೊಡಿ, ಇನ್ನೊಂದು ವರ್ಷ ನಡೆಸುತ್ತೇವೆ’ ಅನ್ನುತ್ತಿದ್ದಾರೆ. ಕೊಡಬೇಕಾ? ಲೆಕ್ಕ ಕೇಳೋ ಹಕ್ಕು ನಮಗೆ ಇದೆಯಾ? ಇದಕ್ಕೆಲ್ಲ ಯಾರು ಹೊಣೆ? ಮಗಳನ್ನು ಈಗಲೇ ಬೇರೆ ಕಡೆ ಸೇರಿಸಿಬಿಡಲಾ?

ಉತ್ತರ: ಮಗಳ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ. ಮೊದಲು ದುಡ್ಡಿನ ಮಾತು.

ಮೂವತ್ತು ವರ್ಷ ಸಣ್ಣ ಊರುಗಳ ಶಾಲೆ, ಹಾಸ್ಟೆಲ್, ಸಂಘಗಳ ಲೆಕ್ಕ ತಪಾಸಣೆ ಮಾಡಿದವನು ನಾನು. ಇಂಥ ಪತ್ರಗಳು ಸಾಮಾನ್ಯವಾಗಿ ಬರೀ ಸಿಟ್ಟಿನಲ್ಲಿ ಮುಗಿಯುತ್ತವೆ. ನೀವು ಪತ್ರದ ಜೊತೆ ಒಂದು ಚೀಟಿ ಕಳಿಸಿದ್ದೀರಿ. ಪೋಷಕರ ಸಭೆಯಲ್ಲಿ ಕಾರ್ಯದರ್ಶಿಗಳು ಓದಿದ ಅಂಕಿಗಳನ್ನು ಅಲ್ಲೇ ಗೀಚಿಕೊಂಡದ್ದು. ಆ ಚೀಟಿಯಿಂದಲೇ ಅರ್ಧ ಉತ್ತರ ಸಿಕ್ಕಿತು.

ಸರಾಸರಿ ಶುಲ್ಕ 13,000. 146 ಮಕ್ಕಳಿಂದ 18.98 ಲಕ್ಷ ಬರಬೇಕು. ಬಂದದ್ದು 12.4 ಲಕ್ಷ. ಡ್ರೈವರ್ ಬಿಟ್ಟು 16 ಜನರ ಸಂಬಳ ತಿಂಗಳಿಗೆ 1.62 ಲಕ್ಷ, ವರ್ಷಕ್ಕೆ 19.44 ಲಕ್ಷ. ಅಂದರೆ ಒಬ್ಬ ಪೋಷಕರೂ ಬಾಕಿ ಇಟ್ಟುಕೊಳ್ಳದೆ ಕಟ್ಟಿದರೂ ಸಂಬಳಕ್ಕೇ 46 ಸಾವಿರ ಸಾಲದು. ಇಷ್ಟಕ್ಕೂ ಆ ಸಂಬಳ ಎಷ್ಟು? ತಲೆಗೆ ಹತ್ತು ಸಾವಿರ ಚಿಲ್ಲರೆ. ಗಾರೆ ಕೆಲಸದವರು ಇದಕ್ಕಿಂತ ಜಾಸ್ತಿ ತಗೊಳ್ತಾರೆ.

ಈಗ ಬಸ್ ನೋಡೋಣ. ದಿನಕ್ಕೆ 60 ಕಿಲೋಮೀಟರ್ ಓಡುತ್ತೆ, 18 ಮಕ್ಕಳು ಬರುತ್ತಾರೆ ಅಂತ ಬರೆದಿದ್ದೀರಿ. ಹಳೇ ಗಾಡಿ, ಲೀಟರಿಗೆ ಐದು ಕಿಲೋಮೀಟರ್ ಕೊಟ್ಟರೆ ಪುಣ್ಯ. ಡೀಸೆಲ್ 90 ರೂಪಾಯಿ ಅಂತ ಹಿಡಿದರೂ 220 ದಿನಕ್ಕೆ 2.37 ಲಕ್ಷ. ಡ್ರೈವರ್ ಸಂಬಳ 1.56 ಲಕ್ಷ. ಇನ್ಶೂರೆನ್ಸ್, ಎಫ್‌ಸಿ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್), ಟೈರು, ರಿಪೇರಿ ಸೇರಿ 1.2 ಲಕ್ಷ. ಒಟ್ಟು 5.13 ಲಕ್ಷ ಆಯಿತು. ಬಸ್ ಶುಲ್ಕ ತಲಾ 9,000ದಂತೆ ಬರೋದು 1.62 ಲಕ್ಷ. ಮೂರೂವರೆ ಲಕ್ಷ ಕೈಯಿಂದ ಹೋಗುತ್ತಿದೆ. ಬಸ್ ನಿಲ್ಲಿಸಿದರೆ ಆ ಮಕ್ಕಳು ಬಿಟ್ಟು ಹೋಗುತ್ತಾರೆ ಅನ್ನೋ ಭಯ ಎಲ್ಲ ಆಡಳಿತ ಮಂಡಳಿಗಳಿಗೂ ಇರುತ್ತದೆ. ಹೋಗಲಿ ಅಂತಲೇ ಇಟ್ಟುಕೊಳ್ಳಿ. ಹದಿನೆಂಟೂ ಮಕ್ಕಳು ಹೋದರೆ ತಪ್ಪುವ ಶಾಲಾ ಶುಲ್ಕ 2.34 ಲಕ್ಷ. ಆಗಲೂ ಶಾಲೆಗೆ ಒಂದು ಲಕ್ಷದ ಮೇಲೆ ಉಳಿಯುತ್ತದೆ! ಶಾಲೆಯ ಹೆಸರು ಬರೆದ ಹಳದಿ ಬಸ್ ಊರಲ್ಲಿ ಓಡಾಡಬೇಕು ಅನ್ನೋ ಆಸೆಗೆ ಮುಳುಗಿದ ಶಾಲೆಗಳನ್ನು ನಾನು ಸಾಕಷ್ಟು ನೋಡಿದ್ದೇನೆ.

ಕರೆಂಟು, ಸ್ಟೇಷನರಿ, ಮಾನ್ಯತೆ ನವೀಕರಣದ ಓಡಾಟ, ಸುಣ್ಣ ಬಣ್ಣಕ್ಕೆ ಎರಡು ಲಕ್ಷ ಇಡಿ. ಈಗಿನ ವಸೂಲಿ ಲೆಕ್ಕದಲ್ಲಿ ವರ್ಷಕ್ಕೆ ಹನ್ನೆರಡೂವರೆ ಲಕ್ಷ ಕೊರತೆ. ನಿಮ್ಮ 15 ಲಕ್ಷದಲ್ಲಿ ನಾಲ್ಕು ತಿಂಗಳ ಹಳೇ ಸಂಬಳಕ್ಕೇ 6.48 ಹೋಗುತ್ತದೆ. ಉಳಿದ ಎಂಟೂವರೆ ಲಕ್ಷ ಎಂಟು ತಿಂಗಳಿಗೆ ಖಾಲಿ. ಜೂನ್‌ನಲ್ಲಿ ಶುರುವಾದರೆ ಮುಂದಿನ ಜನವರಿಗೆ ಮತ್ತೆ ಅದೇ ನೋಟಿಸ್ ಬೋರ್ಡು, ಅದೇ ಚೀಟಿ. ಹಾಗಾಗಿ ಅವರು ಕೇಳುತ್ತಿರೋ ರೀತಿಯಲ್ಲಿ, ಇಡುಗಂಟಾಗಿ, ಕೊಡಬೇಡಿ.

ಇಲ್ಲಿಗೆ ಬಂದು ನಿಂತದ್ದು ಹೇಗೆ? ಆಡಳಿತ ಮಂಡಳಿ ತಿಂದು ಹಾಕಿತು ಅಂತ ಊರು ಮಾತಾಡೋದು ಸುಲಭ. ಇರಬಹುದು, ಇಲ್ಲದೇ ಇರಬಹುದು. ಆದರೆ ತಿನ್ನದೇ ಇದ್ದ ಶಾಲೆಗಳೂ ಮುಳುಗಿವೆ.

1996 ಅಂದಿರಿ. ಅದೊಂದು ದುರದೃಷ್ಟದ ಇಸವಿ. 1995ರ ನಂತರ ಶುರುವಾದ ಕನ್ನಡ ಶಾಲೆಗಳಿಗೂ ಅನುದಾನ ಕೊಡಿ ಅಂತ ವರ್ಷಗಟ್ಟಲೆ ಕೂಗಿದ್ದಾರೆ. ಅನುದಾನಕ್ಕೆ ಎಳೆದ ಆ 1995ರ ಗೆರೆಯ ಆಚೆ ಬದಿಗೆ ನಿಮ್ಮ ಶಾಲೆ ಒಂದೇ ವರ್ಷದಿಂದ ಬಿತ್ತು. ಆಮೇಲೆ ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆ, ಬಂತು. ಕರ್ನಾಟಕದಲ್ಲಿ 2012-13ರಿಂದ ಖಾಸಗಿ ಶಾಲೆಗಳಲ್ಲಿ ನೂರಕ್ಕೆ 25 ಸೀಟು ಬಡ ಮಕ್ಕಳಿಗೆ, ಖರ್ಚು ಸರ್ಕಾರದ್ದು. ಮೊದಲು ಒಂದು ಮಗುವಿಗೆ ಗರಿಷ್ಠ 11,848 ರೂಪಾಯಿ, ಆಮೇಲೆ 16,000. ದೊಡ್ಡ ಶಾಲೆಗಳು ಇದನ್ನು ಗೊಣಗಿಕೊಂಡು ಒಪ್ಪಿದವು. ನಿಮ್ಮಂಥ ಶಾಲೆಗಳಿಗೆ ಅದು ಜೀವದಾನ. ಪೋಷಕರಿಂದ ಹನ್ನೆರಡು ಕಂತಿನಲ್ಲಿ ಹಿಂಡಿ ತೆಗೆಯಬೇಕಾದ ದುಡ್ಡು ತಡವಾದರೂ ಒಟ್ಟಿಗೆ ಬರುತ್ತಿತ್ತು. ಎಷ್ಟೋ ಕಡೆ ಕ್ಲಾಸಿನಲ್ಲಿ ಅರ್ಧಕ್ಕರ್ಧ ಆರ್‌ಟಿಇ ಮಕ್ಕಳೇ ಇದ್ದರು, ಯಾಕಂದರೆ ಶುಲ್ಕ ಕಟ್ಟೋರು ಬೇರೆ ಕಡೆ ಹೋಗಿದ್ದರು. 2019ರಲ್ಲಿ ನಿಯಮ ಬದಲಾಯಿತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಗೆ ಆರ್‌ಟಿಇ ಸೀಟು ಇಲ್ಲ ಅಂತಾಯಿತು. ನಿಮ್ಮ ಶಾಲೆಯ ಎದುರುಗಡೆಯೇ ಸರ್ಕಾರಿ ಶಾಲೆ. 2018-19ರಲ್ಲಿ ಒಂದನೇ ಕ್ಲಾಸಿಗೆ ಸೇರಿದ ಕೊನೇ ತಂಡ 2026ಕ್ಕೆ ಎಂಟನೇ ಕ್ಲಾಸ್ ದಾಟುತ್ತದೆ. ನಿಮ್ಮ ಶಾಲೆಯ ಮಕ್ಕಳ ಸಂಖ್ಯೆ ಇಳಿದದ್ದು ಯಾವ ವರ್ಷದಿಂದ ಅಂತ ಚೀಟಿಯಲ್ಲಿ ನೋಡಿ, ನಿಮಗೇ ಕಾಣುತ್ತದೆ. ಸರ್ಕಾರದ ತೀರ್ಮಾನ ತಪ್ಪು ಅಂತಲೂ ನಾನು ಹೇಳಲ್ಲ. ತನ್ನ ಶಾಲೆಯನ್ನೇ ಖಾಲಿ ಮಾಡಿ ಖಾಸಗಿಗೆ ದುಡ್ಡು ಕೊಡೋದು ಯಾವ ನ್ಯಾಯ? ಆದರೆ ಹೊಡೆತ ಬಿದ್ದದ್ದು ಸಣ್ಣವರಿಗೆ.

ಅದರ ಮೇಲೆ ಕೊರೊನಾ ಬಂತು, ಶುಲ್ಕ ಕಡಿತದ ಜಗಳ ಕೋರ್ಟಿಗೆ ಹೋಯಿತು. ಸರ್ಕಾರಿ ಶಾಲೆಗಳಲ್ಲೂ 2019-20ರಿಂದ ಇಂಗ್ಲಿಷ್ ಮಾಧ್ಯಮ ವಿಭಾಗಗಳು ತೆರೆದವು. ಜೊತೆಗೆ ಯಾರೂ ಸಭೆಯಲ್ಲಿ ಎತ್ತದ ಒಂದು ಸಂಗತಿ ಇದೆ: ಮಕ್ಕಳೇ ಕಮ್ಮಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಊರಲ್ಲಿ ಶಾಲೆ ಎರಡರಿಂದ ಏಳಾದವು, ಮನೆಯಲ್ಲಿ ಮಕ್ಕಳು ಮೂರರಿಂದ ಒಂದಾದವು.

ಈಗ ನಿಮ್ಮ ಎರಡನೇ ಪ್ರಶ್ನೆ, ಲೆಕ್ಕ ಕೇಳೋ ಹಕ್ಕು. ಪೋಷಕರಾಗಿ ಅದು ಬಹಳ ತೆಳ್ಳಗಿನ ಹಕ್ಕು. ಸರ್ಕಾರಿ ಶಾಲೆಯಲ್ಲಾದರೆ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಇರುತ್ತದೆ. ಆರ್‌ಟಿಇ ಕಾಯ್ದೆ ಅಲ್ಲಿನ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು ಅನ್ನುತ್ತದೆ. ಅದೇ ಕಾಯ್ದೆ ಅನುದಾನರಹಿತ ಖಾಸಗಿ ಶಾಲೆಯನ್ನು ಇದರಿಂದ ಹೊರಗಿಟ್ಟಿದೆ. ವಿಚಿತ್ರ ಅಲ್ವಾ? ಒಂದು ಪೈಸೆ ಶುಲ್ಕ ಕಟ್ಟದ ಪೋಷಕರಿಗೆ ಸಮಿತಿಯಲ್ಲಿ ಕುರ್ಚಿ ಇದೆ, 13,000 ಕಟ್ಟುವವರು ಗೇಟಿನ ಹೊರಗೆ.

ಆದರೆ ನಿಮ್ಮ ಶಾಲೆ ನಡೆಸುತ್ತಿರೋದು ಒಂದು ಸಂಘ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾದದ್ದು. ಸಂಘಕ್ಕೆ ಮಾಲೀಕರಿಲ್ಲ, ಸದಸ್ಯರು ಮಾತ್ರ. ಪ್ರತಿವರ್ಷ ಸರ್ವಸದಸ್ಯರ ಸಭೆ ನಡೆಸಬೇಕು, ಲೆಕ್ಕಪತ್ರ ಮತ್ತು ಪದಾಧಿಕಾರಿಗಳ ಪಟ್ಟಿಯನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಸದಸ್ಯರಲ್ಲಿ ಮೂರನೇ ಒಂದು ಭಾಗ ಜನ ಅರ್ಜಿ ಕೊಟ್ಟರೆ 25ನೇ ಕಲಮಿನಡಿ ವಿಚಾರಣೆ ನಡೆಸಲೇಬೇಕು. ಸಂಘ ಮುಚ್ಚಿದರೂ ಉಳಿದ ಆಸ್ತಿಯನ್ನು ಸದಸ್ಯರು ಹಂಚಿಕೊಳ್ಳೋ ಹಾಗಿಲ್ಲ. ಹಾಗಾಗಿ ನಾನು ಹೋದಲ್ಲೆಲ್ಲ ಬ್ಯಾಲೆನ್ಸ್ ಶೀಟಿಗಿಂತ ಮೊದಲು ಕೇಳುತ್ತಿದ್ದದ್ದು ಸದಸ್ಯತ್ವ ವಹಿ.

ಒಂದು ಊರಿನ ಕಥೆ ಹೇಳುತ್ತೇನೆ. ಊರು ಬೇಡ, ಹೆಸರೂ ಬೇಡ. ಸಂಘದಲ್ಲಿ ಹನ್ನೊಂದು ಜನ. ಠರಾವು ಪುಸ್ತಕದಲ್ಲಿ ಹನ್ನೊಂದೂ ಸಹಿ ನೀಟಾಗಿ ಇದ್ದವು, ಒಂದೇ ಪೆನ್ನು, ಒಂದೇ ನೀಲಿ. ಪಕ್ಕದಲ್ಲಿ ಗೋಡೆ ಮೇಲೆ ಹಾರ ಹಾಕಿದ ಫೋಟೋ. ‘ಇವರು ಯಾರು?’ ಅಂದೆ. ‘ನಮ್ಮ ಸ್ಥಾಪಕ ಖಜಾಂಚಿ ಸಾರ್, ತೀರಿಕೊಂಡು ಎರಡು ವರ್ಷ ಆಯ್ತು’ ಅಂದರು ಗುಮಾಸ್ತರು. ಆ ಪುಣ್ಯಾತ್ಮರು ಹೋದ ತಿಂಗಳ ಸಭೆಗೂ ಹಾಜರಾಗಿ ಸಹಿ ಹಾಕಿದ್ದರು! ನಗಬೇಡಿ. ಅಲ್ಲಿ ಯಾರೂ ದುಡ್ಡು ಹೊಡೆದಿರಲಿಲ್ಲ. ಹೊಸಬರನ್ನು ಸೇರಿಸಿಕೊಳ್ಳೋಕೆ ಭಯ, ಹಳಬರಿಗೆ ಆಸಕ್ತಿ ಇಲ್ಲ, ಕೊನೆಗೆ ಅಧ್ಯಕ್ಷರೊಬ್ಬರೇ ಹನ್ನೊಂದು ಜನ ಆಗಿದ್ದರು. ಅವರ ಮನೆ ಪತ್ರವೂ ಬ್ಯಾಂಕಿನಲ್ಲಿ ಅಡವಿತ್ತು.

ನಿಮ್ಮಲ್ಲಿ ಹೇಗಿದೆ ಅಂತ ತಿಳಿಯೋಕೆ ಆಡಳಿತ ಮಂಡಳಿಯ ಕೃಪೆ ಬೇಕಾಗಿಲ್ಲ. ಸಲ್ಲಿಸಿದ ಪಟ್ಟಿ, ಲೆಕ್ಕಪತ್ರದ ನಕಲು ಸಹಕಾರ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ, ಸಂಘಗಳ ನೋಂದಣಾಧಿಕಾರಿಗಳ ಹತ್ತಿರ ಸಿಗುತ್ತದೆ. ಮಾನ್ಯತೆ ನವೀಕರಣಕ್ಕೆ ಕೊಟ್ಟ ಕಾಗದಗಳಿಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಅನ್ನೋ ನಿಯಮ ಇದೆ, ಅದಕ್ಕೆ ಕಥೆ ಬರೆಯಬೇಡಿ. ಶಾಲೆ ಇರೋ ಜಾಗದ ಪಹಣಿ ಅಥವಾ ಖಾತೆಯನ್ನೂ ತೆಗೆಸಿ. ಜಾಗ ಸಂಘದ ಹೆಸರಲ್ಲಿದೆಯಾ, ಅಧ್ಯಕ್ಷರ ಮನೆಯವರ ಹೆಸರಲ್ಲಿದೆಯಾ, ಸರ್ಕಾರ ಮಂಜೂರು ಮಾಡಿದ್ದಾ? ಬಸ್‌ಸ್ಟ್ಯಾಂಡ್ ಹತ್ತಿರದ ಒಂದು ಎಕರೆ ಅಂದರೆ ಶಾಲೆ ನಡೆಸೋದಕ್ಕಿಂತ ಮುಚ್ಚೋದರಲ್ಲಿ ಯಾರಿಗಾದರೂ ಲಾಭ ಇರಬಹುದು. ಇರದೇ ಇರಲೂಬಹುದು. ಕಾಗದ ನೋಡದೆ ಯಾರ ಮೇಲೂ ಮಾತು ಹೊರಿಸಬೇಡಿ.

ಕಾಗದ ಕೈಗೆ ಬಂದ ಮೇಲೆ ಎಲ್ಲಿ ಕಣ್ಣಾಡಿಸಬೇಕು ಅಂತ ಹೇಳುತ್ತೇನೆ. ಸಾಲದ ಸಾಲು ನೋಡಿ: ಪದಾಧಿಕಾರಿಗಳಿಂದ ಕೈಗಡ ಅಂತ ಇದ್ದರೆ ಬಡ್ಡಿ ಎಷ್ಟು, ಠರಾವು ಇದೆಯಾ. ಬಾಡಿಗೆ ಯಾರಿಗೆ ಹೋಗುತ್ತಿದೆ ನೋಡಿ. ಆಮೇಲೆ ಸಂಬಳದ ವಹಿ. ಇದು ಸೂಕ್ಷ್ಮ. ಹದಿನೆಂಟು ಸಾವಿರಕ್ಕೆ ಸಹಿ ಹಾಕಿಸಿಕೊಂಡು ಒಂಬತ್ತು ಸಾವಿರ ಕೈಗೆ ಕೊಡೋ ಪದ್ಧತಿ ನಮ್ಮ ಖಾಸಗಿ ಶಾಲೆಗಳ ಗುಟ್ಟಲ್ಲದ ಗುಟ್ಟು. ಶಿಕ್ಷಕರನ್ನು ಸಭೆಯಲ್ಲಿ ಎಲ್ಲರ ಮುಂದೆ ಕೇಳಬೇಡಿ, ಹೇಳಲ್ಲ. ಪಿಎಫ್ ಹಿಡಿಯುತ್ತಿದ್ದರೆ ಪಾಸ್‌ಬುಕ್ ಮೊಬೈಲಿನಲ್ಲೇ ಕಾಣುತ್ತದೆ. ಕಟ್ಟಿದ್ದಾರಾ ಇಲ್ಲವಾ ಅನ್ನೋದು ಅವರಿಗೇ ಗೊತ್ತಾಗಲಿ.

ಮೂರನೇ ಪ್ರಶ್ನೆ, ಯಾರು ಹೊಣೆ ಅಂತ. ನಿಮಗೆ ಬೇಜಾರಾಗಬಹುದು, ಆದರೂ ಹೇಳುತ್ತೇನೆ. ಚೀಟಿಯಲ್ಲಿ ಬರಬೇಕಾದ ಶುಲ್ಕಕ್ಕೂ ಬಂದದ್ದಕ್ಕೂ 6.58 ಲಕ್ಷ ವ್ಯತ್ಯಾಸ ಇದೆ. ನಾಲ್ಕು ತಿಂಗಳ ಸಂಬಳ ಬಾಕಿ 6.48 ಲಕ್ಷ. ಎರಡೂ ಅಂಕಿಗಳನ್ನು ಒಂದರ ಪಕ್ಕ ಒಂದು ಬರೆದು ನೋಡಿ. ನೋಟಿಸ್ ದಿನ ಗೇಟಿನ ಮುಂದೆ ಕೂಗಿದವರಲ್ಲಿ ಎಷ್ಟು ಜನರ ಶುಲ್ಕ ಪೂರ್ತಿ ಕಟ್ಟಿ ಆಗಿತ್ತು? ನಿಜವಾಗಿ ಕಷ್ಟದಲ್ಲಿರೋರು ಇದ್ದಾರೆ, ಅವರ ಮಾತು ಬೇರೆ. ಆದರೆ ಸಂಜೆ ಟ್ಯೂಷನ್‌ಗೆ ತಿಂಗಳಿಗೆ ಸಾವಿರ ತಪ್ಪದೆ ಕಟ್ಟಿ, ಶಾಲೆಗೆ ‘ಮುಂದಿನ ತಿಂಗಳು ಸಾರ್’ ಅನ್ನೋ ಮನೆಗಳೂ ಇವೆ. ಆ ಸಾರ್‌ಗೆ ಸಂಬಳ ಬಂದಿಲ್ಲ ಅಂತ ಗೊತ್ತಿದ್ದೇ ಹೇಳೋ ಮಾತದು.

ಹಳೇ ವಿದ್ಯಾರ್ಥಿಗಳ ಮಾತಿಗೆ ಬಂದರೆ, ಗುರುವಂದನೆ ಕಾರ್ಯಕ್ರಮಗಳನ್ನು ನೋಡಿದ್ದೀರಲ್ಲ. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ಡ್ರೋನ್ ಕ್ಯಾಮೆರಾ, ಮಧ್ಯಾಹ್ನ ಹೋಳಿಗೆ ಊಟ. ಖರ್ಚು ಲಕ್ಷದ ಮೇಲೆ. ವೇದಿಕೆ ಮೇಲೆ ಪೇಟ ತೊಟ್ಟು ಕೂತ ಮೇಷ್ಟರ ಪಕ್ಕದಲ್ಲೇ ಈಗಿನ ಟೀಚರ್ ಮಕ್ಕಳ ಡ್ಯಾನ್ಸಿಗೆ ಸಾಲು ನಿಲ್ಲಿಸುತ್ತಿರುತ್ತಾರೆ. ಅವರ ಕಡೆ ಯಾರೂ ತಿರುಗಿ ನೋಡಲ್ಲ. ಇನ್ನು ಮಂಡಳಿಯವರದ್ದು. ಅವರ ಮೊಮ್ಮಕ್ಕಳು ಯಾವ ಶಾಲೆಯಲ್ಲಿ ಓದುತ್ತಿದ್ದಾರೆ ಅಂತ ಕೇಳಿ, ಆ ಒಂದು ಪ್ರಶ್ನೆ ಸಾಕು.

ಹಾಗಾದರೆ ಏನೂ ಕೊಡಬಾರದಾ? ಕೊಡಿ, ಷರತ್ತು ಹಾಕಿ ಕೊಡಿ. ಮಂಡಳಿಯ ಹಳೇ ಖಾತೆಗೆ ಹಾಕಬೇಡಿ. ಸಂಘದ ಹೆಸರಲ್ಲೇ ಹೊಸ ಬ್ಯಾಂಕ್ ಖಾತೆ ತೆರೆದು, ಮಂಡಳಿಯ ಒಬ್ಬರು, ಪೋಷಕರಲ್ಲಿ ಒಬ್ಬರು ಜಂಟಿ ಸಹಿ ಮಾಡೋ ಹಾಗೆ ಠರಾವು ಬರೆಸಿ. ಪೋಷಕರು, ಹಳೇ ವಿದ್ಯಾರ್ಥಿಗಳನ್ನು ಬೈಲಾ ಪ್ರಕಾರ ಸದಸ್ಯರಾಗಿ ಸೇರಿಸಿಕೊಳ್ಳಬೇಕು ಅನ್ನೋದು ಮೊದಲ ಷರತ್ತಾಗಲಿ. ಸದಸ್ಯರಾದ ಮೇಲೆ ನೀವು ಲೆಕ್ಕ ಕೇಳೋದು ಹಕ್ಕಿನಿಂದ, ಅಲ್ಲಿವರೆಗೆ ಬರೀ ವಿನಂತಿ. ಇದಕ್ಕೆ ಮಂಡಳಿ ಒಪ್ಪದಿದ್ದರೆ ಮಾತುಕತೆ ಅಲ್ಲಿಗೇ ನಿಲ್ಲಿಸಿ.

ಮೊದಲ ದುಡ್ಡು ಶಿಕ್ಷಕರ ಬಾಕಿಗೆ, ಬ್ಯಾಂಕ್ ಮೂಲಕವೇ. ಬಸ್ ಮಾರಿ. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳನ್ನು ಒಟ್ಟಿಗೆ ಕೂರಿಸಬಹುದಾ ಅಂತ ಮುಖ್ಯೋಪಾಧ್ಯಾಯರ ಜೊತೆ ಕೂತು ಯೋಚಿಸಿ. ಹನ್ನೆರಡು ಕ್ಲಾಸಿಗೆ 146 ಮಕ್ಕಳು ಅಂದರೆ ಕ್ಲಾಸಿಗೆ ಹನ್ನೆರಡು ಚಿಲ್ಲರೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಇದೇ ರೀತಿ ಬೇರೆ ಬೇರೆ ತರಗತಿಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕಲಿಸೋ ಪದ್ಧತಿ. ಸರ್ಕಾರಿ ಶಾಲೆಯಲ್ಲಿ ಆಗೋದು ನಿಮ್ಮಲ್ಲಿ ಯಾಕಾಗಬಾರದು? ಆದರೆ ಅಗ್ನಿ ಸುರಕ್ಷತೆ, ಕಟ್ಟಡದ ದೃಢತೆ ಪ್ರಮಾಣಪತ್ರದ ಖರ್ಚನ್ನು ಮಾತ್ರ ದಂಡ ಅಂತ ಗೊಣಗಬೇಡಿ. 2004ರಲ್ಲಿ ಕುಂಭಕೋಣದ ಶಾಲೆಯಲ್ಲಿ 94 ಮಕ್ಕಳು ಸುಟ್ಟುಹೋದ ಮೇಲೆ ಬಂದ ಬಿಗಿ ಅದು.

ಚಂದಾ ಎತ್ತೋದಾದರೆ ಒಂದೇ ಸಲ ದೊಡ್ಡ ಮೊತ್ತ ಬೇಡ. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಪಿಗ್ಮಿ ಶುರು ಮಾಡಿದಾಗ ಮನೆ ಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯಂತೆ ತಗೊಳ್ಳುತ್ತಿದ್ದರು. ಹಾಗೆ 300 ಹಳೇ ವಿದ್ಯಾರ್ಥಿಗಳು ತಿಂಗಳಿಗೆ 200 ರೂಪಾಯಿ ಕೊಟ್ಟರೆ ವರ್ಷಕ್ಕೆ 7.2 ಲಕ್ಷ. ಶುಲ್ಕ ಸರಿಯಾಗಿ ವಸೂಲಾಗಿ ಬಸ್ ಹೋದರೆ ಕೊರತೆಯೇ ಎರಡೂವರೆ ಲಕ್ಷದ ಆಸುಪಾಸು. ಆಗ ಬಾಕಿ ಸಂಬಳವೂ ಒಂದೂವರೆ ವರ್ಷದೊಳಗೆ ತೀರುತ್ತದೆ, ಆಮೇಲೆ ಇರೋ ಸಂಬಳ ಒಂದಿಷ್ಟು ಏರಿಸಲೂಬಹುದು. ತಿಂಗಳ ದುಡ್ಡಿನಲ್ಲಿ ಇನ್ನೊಂದು ಅನುಕೂಲ ಇದೆ. ಲೆಕ್ಕ ಬೋರ್ಡಿಗೆ ಹಾಕದಿದ್ದ ತಿಂಗಳು ನಿಲ್ಲಿಸಬಹುದು.

ಇಷ್ಟೆಲ್ಲ ಮಾಡಿಯೂ ಆಗದಿದ್ದರೆ? ಮುಚ್ಚಲಿ. ಎಲ್ಲ ಶಾಲೆಯೂ ಉಳಿಯಲೇಬೇಕು ಅಂತೇನಿಲ್ಲ. ಆದರೆ ಬೀಗ ಹಾಕಿ ಕೀಲಿ ಜೇಬಿಗಿಟ್ಟುಕೊಂಡು ಹೋಗೋದು ಮುಚ್ಚೋದಲ್ಲ. ಗ್ರಾಚ್ಯುಟಿ, ಅಂದರೆ ವರ್ಷಗಟ್ಟಲೆ ದುಡಿದದ್ದಕ್ಕೆ ಕೆಲಸ ಬಿಡುವಾಗ ಸಿಗುವ ಇಡುಗಂಟು, ಶಿಕ್ಷಕರಿಗೂ ಸಲ್ಲುತ್ತದೆ, 1997ರಿಂದಲೇ ಅನ್ವಯ ಅನ್ನೋ ತಿದ್ದುಪಡಿಯನ್ನು ಸುಪ್ರೀಂ ಕೋರ್ಟು 2022ರಲ್ಲಿ ಎತ್ತಿಹಿಡಿದಿದೆ. 11 ಸಾವಿರ ಸಂಬಳದಲ್ಲಿ 15 ವರ್ಷ ದುಡಿದ ಟೀಚರ್‌ಗೆ ಸುಮಾರು 95 ಸಾವಿರ ಬರಬೇಕು. ಜಾಗ, ಬೆಂಚು, ಬಸ್ಸಿನ ಮಾತಿಗಿಂತ ಮೊದಲು ಆ ಲೆಕ್ಕ ಆಗಲಿ. ಇನ್ನೊಂದು ವಸ್ತುವನ್ನು ಎಲ್ಲರೂ ಮರೆಯುತ್ತಾರೆ. ಆಫೀಸಿನ ಬೀರುವಿನಲ್ಲಿ ಕೆಂಪು ಬಟ್ಟೆ ರಟ್ಟಿನ ಉದ್ದನೆ ಪುಸ್ತಕ ಇರುತ್ತದೆ, ದಾಖಲಾತಿ ವಹಿ. ನಿಮ್ಮ ಹೆಸರೂ, ನಿಮ್ಮ ಜನ್ಮದಿನಾಂಕವೂ ಅದರಲ್ಲಿದೆ. ಮುಚ್ಚಿದ ಶಾಲೆಯ ವಹಿ ಗೆದ್ದಲು ತಿಂದು, ನಲವತ್ತರ ವಯಸ್ಸಿನಲ್ಲಿ ಟಿಸಿ ನಕಲಿಗೆ ಅಲೆದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದನ್ನು ಬಿಇಒ ಕಚೇರಿಗೆ ಒಪ್ಪಿಸಿ, ಸ್ವೀಕೃತಿ ಪತ್ರ ತಗೊಳ್ಳೋ ತನಕ ಬಿಡಬೇಡಿ.

ಸಭೆಯನ್ನು ಯುಗಾದಿಗೆ ಮುಂಚೆ ಕರೆಯಿರಿ. ಆಮೇಲೆ ರಜೆ, ಮದುವೆ, ಜಾತ್ರೆ. ಜನ ಸೇರಲ್ಲ.

ಈಗ ನಿಮ್ಮ ಮಗಳು. ಪರೀಕ್ಷೆ ಮುಗಿಯೋವರೆಗೆ ಕದಲಿಸಬೇಡಿ. ಸ್ಯಾಟ್ಸ್ ಸಂಖ್ಯೆ (ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ಮಗುವಿನ ಗುರುತಿನ ಸಂಖ್ಯೆ) ಈಗಲೇ ಬರೆದಿಟ್ಟುಕೊಳ್ಳಿ. ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಹೋಗಬೇಕಾಗಿ ಬಂದರೆ ಟಿಸಿ ತಡವಾಯಿತು ಅಂತ ಎಂಟನೇ ಕ್ಲಾಸಿಗೆ ಸೇರಿಸಿಕೊಳ್ಳದೆ ಇರೋ ಹಾಗಿಲ್ಲ, ಆರ್‌ಟಿಇ ಕಾಯ್ದೆ ಅದನ್ನು ಸ್ಪಷ್ಟವಾಗಿ ಹೇಳಿದೆ. ಆಮೇಲೆ ಒಂದು ಸಂಜೆ ಗಣಿತದ ಮೇಡಂ ಮನೆಗೆ ಹೋಗಿ. ಅವರಿಂದಲೇ ಮಗಳಿಗೆ ಲೆಕ್ಕ ಇಷ್ಟವಾಯಿತು ಅಂತ ಬರೆದಿದ್ದೀರಿ. ‘ಮೇಡಂ, ಮುಂದಿನ ವರ್ಷ ನೀವು ಇರ್ತೀರಾ?’ ಅಂತ ಕೇಳಿ. ‘ಬಾಕಿ ಬಂದರೆ ಇರ್ತೀನಿ’ ಅಂದರೆ ಮಗಳನ್ನು ಅಲ್ಲೇ ಬಿಟ್ಟು ನೀವು ಸಭೆಗೆ ಹೋಗಿ. ಬೇರೆ ಕಡೆ ಮಾತಾಗಿದೆ ಅಂದರೆ, ಯಾವ ಶಾಲೆ ಅಂತ ಕೇಳಿಕೊಂಡು ಬನ್ನಿ.